ಹದಿನಾಲ್ಕು ದಿನದ ಗುಳಿಗೆ

ಮಂಗಳೂರಿನ ಬಳಿಯ ತೊಕ್ಕೊಟ್ಟಿನ ಮೇಲ್ಸೇತುವೆಯ ಬದಿಯಲ್ಲಿ ಮುಂಜಾನೆ ಬುತ್ತಿ ಹಿಡಿದು ಮೇಸ್ತ್ರಿಯ ದಾರಿ ಕಾಯುವ ಬಾಗಲಕೋಟೆ, ಕೊಪ್ಪಳದ ಕಡೆಯವರನ್ನೂ ಒಡಿಶಾ, ಜಾರ್ಖಂಡಗಳ ತರುಣರನ್ನೂ ಕಂಡಾಗಲೆಲ್ಲ, ಕೆಲವೇ ಮೈಲಿ ದೂರದ ದೇರಳಕಟ್ಟೆಯಲ್ಲಿ ವೈದ್ಯಕೀಯ ಮಹಾವಿದ್ಯಾಲಯಗಳೂ ನೇತ್ರಾವತಿಯ ಆಚೆ 1848ರಷ್ಟು ಹಿಂದಿನ ವೆನ್‌ಲಾಕ್ ಆಸ್ಪತ್ರೆಯೂ ಇರುತ್ತ ಇವರಿಗೆ ಮಾತ್ರ ಚಿಕಿತ್ಸೆಯು ಏಕೆ ದೂರವಾಯಿತೆಂಬ ವ್ಯಥೆ ನನ್ನನ್ನು ಬಿಡದು.

ಮಲೇರಿಯಾವನ್ನೇ ನೋಡೋಣ. ಹೊಸದಾಗಿ ಹಾಕಿದ ತಾರಸಿ ಬಿರಿಯದಿರಲೆಂದು ಅದರ ಮೇಲೆ ದಿನಗಟ್ಟಲೆ ನೀರು ನಿಲ್ಲಿಸುತ್ತಾರೆ. ಆ ತಿಳಿನೀರಿನಲ್ಲಿ ಅನಾಫಿಲಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ಅದೇ ತಾರಸಿಯ ಕೆಳಗೆ, ಬಾಗಿಲು ಕಿಟಕಿಗಳಿನ್ನೂ ಕೂರದ ಕೋಣೆಯಲ್ಲಿ, ಅದನ್ನು ಕಟ್ಟುತ್ತಿರುವವನೇ ಸಂಸಾರಸಮೇತನಾಗಿ ಮಲಗುತ್ತಾನೆ. ರಕ್ತಪರೀಕ್ಷೆಯೂ ಔಷಧವೂ ಸರಕಾರದಿಂದ ಉಚಿತವೆಂಬುದು ನಿಜ. ಆದರೆ ವೈವಾಕ್ಸ್ ಎಂಬ ಬಗೆಯ ಮಲೇರಿಯಾಕ್ಕೆ ಮೂರು ದಿನದ ಕ್ಲೋರೋಕ್ವಿನ್ ಒಂದೇ ಸಾಲದು. ಯಕೃತ್ತಿನಲ್ಲಿ ಅಡಗಿ ಕುಳಿತ ರೋಗಾಣು ಅಳಿಯಬೇಕಾದರೆ ಪ್ರೈಮಾಕ್ವಿನ್ ಗುಳಿಗೆಯನ್ನು 14 ದಿನ ತಪ್ಪದೆ ನುಂಗಬೇಕು. ಮೂರನೆಯ ದಿನಕ್ಕೆ ಚಳಿ ಬಿಟ್ಟು ಮೈ ಹಗುರಾಗುತ್ತದೆ. ಐದನೆಯ ದಿನಕ್ಕೆ ಮೇಸ್ತ್ರಿ ಬೇರೆ ಊರಿನ ಕೆಲಸಕ್ಕೆ ಕರೆದೊಯ್ಯುತ್ತಾನೆ. ಮುಂದಿನ ಗುಳಿಗೆಯನ್ನು ಕೇಳಿ ಪಡೆಯಲು ಆ ಊರಿನಲ್ಲಿ ಅವನನ್ನು ಬಲ್ಲವರಿಲ್ಲ. ತಿಂಗಳುಗಳು ಕಳೆದು ಜ್ವರ ಮರುಕಳಿಸಿದಾಗ ಅದನ್ನು ಅವನ ಉದಾಸೀನವೆಂದು ಹಳಿಯುವುದು ನನಗೆ ಘೋರ ಅನ್ಯಾಯವಾಗಿ ತೋರುತ್ತದೆ.

ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಪಶ್ಚಿಮ ಬಂಗಾಳದ ಕೂಲಿಯೊಬ್ಬನನ್ನು ಸರಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದರಂತೆ ಹಿಂದಕ್ಕೆ ಕಳುಹಿದ ಪ್ರಕರಣದಲ್ಲಿ, ಸಕಾಲದ ಚಿಕಿತ್ಸೆಯನ್ನು ನಿರಾಕರಿಸುವುದು ಸಂವಿಧಾನದ 21ನೆಯ ವಿಧಿಯು ಕೊಟ್ಟ ಜೀವಿಸುವ ಹಕ್ಕಿನ ಉಲ್ಲಂಘನೆಯೆಂದು ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪಿತ್ತಿತು. ಆ ವಿಧಿಯಾದರೋ ರೋಗಿಯ ಊರು ಯಾವುದೆಂದು ಕೇಳುವುದಿಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರಿಗೆ ಗುತ್ತಿಗೆದಾರನೇ ಉಚಿತ ವೈದ್ಯಕೀಯ ಸೌಲಭ್ಯ ಒದಗಿಸತಕ್ಕದ್ದೆಂದು 1979ರ ಕಾಯಿದೆ ವಿಧಿಸಿತ್ತು. ಒಡಿಶಾದಿಂದ ಬಂದವನು ಅದರ ಆಶ್ರಯಕ್ಕೆ ಸಲ್ಲುತ್ತಿದ್ದನು. ಬಾಗಲಕೋಟೆಯಿಂದ ನೂರಾರು ಮೈಲಿ ದಾಟಿ ಬಂದವನು, ಸ್ವಂತ ರಾಜ್ಯದಲ್ಲೇ ಇರುವನೆಂಬ ಕಾರಣಕ್ಕೆ, ಅದರ ಹೊರಗೇ ಉಳಿದನು! ತುಳು, ಬ್ಯಾರಿ ಮಾತುಗಳ ನಡುವೆ ತನ್ನ ಕನ್ನಡವೂ ಪರಕೀಯವಾಗಿ ಕೇಳಿಸುವ ಅವನ ಏಕಾಕಿತನವನ್ನು ಆ ಕಾಯಿದೆ ಊಹಿಸಿರಲಿಲ್ಲ.

ಕೂಲಿ ತಪ್ಪಿಸಿಕೊಂಡು ಸರದಿಯಲ್ಲಿ ನಿಲ್ಲಲಾರದವನಿಗೆ ಬೇಕಾದದ್ದು ಸಂಜೆ ಕೆಲಸ ಬಿಟ್ಟ ಮೇಲೂ ತೆರೆದಿರುವ ಚಿಕಿತ್ಸಾಲಯ. ಐದನೆಯ ದಿನ ಊರು ಬಿಡುವವನ ಕೈಯಲ್ಲಿ ಉಳಿದ ಒಂಬತ್ತು ದಿನದ ಗುಳಿಗೆ, ಅವನು ಓದಬಲ್ಲ ಲಿಪಿಯಲ್ಲಿ ಬರೆದ ಚೀಟಿ, ಮತ್ತು ಅವನು ತಲಪುವ ಊರಿನ ಆರೋಗ್ಯ ಕೇಂದ್ರಕ್ಕೆ ಇಲ್ಲಿಂದ ಹೋಗಬೇಕಾದ ಒಂದು ಫೋನು.