ಹೊಸ ಯಂತ್ರ ರೈತರಿಗೆ ತಿಳಿಯುವುದು ಹೇಗೆ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಕೃಷಿ ಯಂತ್ರ ರೂಪಿಸುವ ಎಂಜಿನಿಯರ್‌ಗಳ ಜೊತೆಗೂ ಅವನ್ನು ಕೊಳ್ಳುವ ರೈತರ ಜೊತೆಗೂ ನಾನು ಬಹಳ ವರ್ಷ ಓಡಾಡಿದ್ದೇನೆ. ಇಬ್ಬರ ನಡುವೆ ಮಾತು ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಎಂಜಿನಿಯರ್‌ಗಳು ಯಂತ್ರದ ಬಗ್ಗೆ ಹೇಳುತ್ತಾರೆ, ಹೊಲದ ಬಗ್ಗೆ ಕೇಳುವುದಿಲ್ಲ. ಇದರ ಹಿಂದಿರುವ ಕೆಲವು ತಪ್ಪು ಕಲ್ಪನೆಗಳು ಇಲ್ಲಿವೆ.

ತಪ್ಪು ಕಲ್ಪನೆ: ರೈತರು ಹೊಸದನ್ನು ಸುಲಭಕ್ಕೆ ಒಪ್ಪುವವರಲ್ಲ.

ವಾಸ್ತವ: ಈ ಮಾತಿಗೆ ಎಲ್ಲರೂ ಕೊಡುವ ಸಾಕ್ಷಿ ಕಿರ್ಲೋಸ್ಕರ್ ನೇಗಿಲು. ಲಕ್ಷ್ಮಣರಾವ್ ಕಿರ್ಲೋಸ್ಕರ್ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದರು, ಮೇವು ಕತ್ತರಿಸುವ ಯಂತ್ರ ಮಾಡಿದರು, 1903ರ ಸುಮಾರಿಗೆ ಕಬ್ಬಿಣದ ನೇಗಿಲು ತಯಾರಿಸಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ಅನೇಕ ರೈತರು ನಂಬಿದ್ದರು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು.

ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿ ರೈತರ ಮೂಢನಂಬಿಕೆ ಎನ್ನುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಮರದ ನೇಗಿಲು ಮುರಿದರೆ ಊರ ಬಡಿಗ ಇದ್ದ, ಕುಳ ಮೊಂಡಾದರೆ ಕಂಬಾರ ಕಾಯಿಸಿ ಬಡಿದು ಕೊಡುತ್ತಿದ್ದ. ಆದರೆ ಹೊಸ ನೇಗಿಲಿನ ಎರಕದ ಕಬ್ಬಿಣವನ್ನು ಕುಲುಮೆಗೆ ಹಾಕಿ ಬಡಿದರೆ ಅದು ಒಡೆಯುತ್ತದೆ, ಬಾಗುವುದಿಲ್ಲ. ಊರಲ್ಲಿ ರಿಪೇರಿಯಾಗದ ಸಾಮಾನಿನ ಮೇಲೆ ವರ್ಷದ ಬೆಳೆಯನ್ನು ಯಾರು ನಂಬಿ ಬಿಟ್ಟಾರು? ಇವತ್ತಿಗೂ ಅಥಣಿ ಕಡೆಯ ಯರಿ ಹೊಲದಲ್ಲಿ ಹೊಸ ಉಪಕರಣ ಇಳಿಸಿದಾಗ ನಾನು ಕೇಳುವ ಮೊದಲ ಪ್ರಶ್ನೆ ಇದೇ: “ಮುರದ್ರ ಸಾಮಾನ ಎಲ್ಲಿ ಸಿಗತೈತ್ರಿ?” ಇದನ್ನು ಹಟ ಎಂದುಕೊಂಡ ಎಂಜಿನಿಯರ್ ತನ್ನ ವಿನ್ಯಾಸದ ಅತಿ ಮುಖ್ಯ ಕೊರತೆಯನ್ನೇ ಕೇಳಿಸಿಕೊಳ್ಳಲಿಲ್ಲ ಎಂದರ್ಥ.

   

ತಪ್ಪು ಕಲ್ಪನೆ: ಒಳ್ಳೆಯ ಡ್ರಾಯಿಂಗ್ ಇದ್ದರೆ ಎಲ್ಲ ತಿಳಿಯುತ್ತದೆ.

ವಾಸ್ತವ: ಲಕ್ಷ್ಮಣರಾವ್ ಅವರೇ ಮುಂಬಯಿಯಲ್ಲಿ ಯಂತ್ರಗಳ ಡ್ರಾಯಿಂಗ್ ಕಲಿಸುವ ಮಾಸ್ತರರಾಗಿದ್ದವರು. ಆದರೂ ಅವರು ರೈತನ ಮುಂದೆ ಇಟ್ಟದ್ದು ನೇಗಿಲನ್ನು. ಡ್ರಾಯಿಂಗ್ ಎನ್ನುವುದು ಕಾರ್ಖಾನೆಯೊಳಗಿನ ಭಾಷೆ. ನಮ್ಮ ದೇಶದ ಪದ್ಧತಿಯಲ್ಲಿ ಮೇಲಿನಿಂದ ಕಂಡ ನೋಟವನ್ನು ಎದುರು ನೋಟದ ಕೆಳಗೆ ಬರೆಯುತ್ತಾರೆ, ಎಡಬದಿಯ ನೋಟ ಬಲಕ್ಕೆ ಬರುತ್ತದೆ. ಇದನ್ನು ಕಲಿಯದವರಿಗೆ ಯಂತ್ರ ತಿರುವುಮುರುವಾಗಿ ಕಾಣುವುದು ಸಹಜ. ಅಳತೆಗಳು ಮಿಲಿಮೀಟರಿನಲ್ಲಿರುತ್ತವೆ, ರೈತ ಸಾಲನ್ನು ಅಳೆಯುವುದು ಅಡಿಯಲ್ಲಿ.

ನಾನು ಮೆಚ್ಚಿದ ಉಪಾಯ ಬಹಳ ಸರಳ. ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಿಂದ ಯಂತ್ರವನ್ನು ಅಸಲು ಅಳತೆಯಲ್ಲಿ ಬರೆಯಬೇಕು. ಎರಡೂ ಬದಿಗೆ ಕಬ್ಬಿನ ಸಾಲಿನ ಗೆರೆ ಎಳೆಯಬೇಕು. ಹಳೆಯ ಪದ್ಧತಿಯ ಮೂರಡಿ ಸಾಲಿನಲ್ಲಿ ಕಟಾವು ಯಂತ್ರದ ಗಾಲಿ ಕೂಳೆಯ ಮೇಲೆ ಹತ್ತುತ್ತದೆ, ಅದಕ್ಕೆ ನಾಲ್ಕೂವರೆ, ಐದಡಿ ಅಂತರ ಬೇಕು ಎಂಬುದು ಆ ಗೆರೆಗಳ ನಡುವೆ ನಿಂತ ಕ್ಷಣದಲ್ಲೇ ರೈತನಿಗೆ ತಿಳಿಯುತ್ತದೆ. ಹತ್ತು ಪುಟದ ಕೈಪಿಡಿಯಲ್ಲಿ ಅದು ತಿಳಿಯುವುದಿಲ್ಲ.

ತಪ್ಪು ಕಲ್ಪನೆ: ಎಚ್.ಪಿ. ಹೆಚ್ಚಿದ್ದರೆ ಪಂಪು ಒಳ್ಳೆಯದು.

ವಾಸ್ತವ: ಕೃಷ್ಣಾ ದಂಡೆಯಲ್ಲಿ ಇದರಿಂದ ಆದ ನಷ್ಟ ದೊಡ್ಡದು. ಸೆಕೆಂಡಿಗೆ 10 ಲೀಟರ್ ನೀರನ್ನು 30 ಮೀಟರ್ ಏರಿಸಲು, ಪಂಪಿನ ದಕ್ಷತೆ ಶೇ. 60 ಎಂದು ಹಿಡಿದರೆ, ಸುಮಾರು ಆರೂವರೆ ಎಚ್.ಪಿ. ಬೇಕು. ಏಳೂವರೆ ಎಚ್.ಪಿ. ಮೋಟರ್ ಸಾಕಾಗುತ್ತದೆ. ಆದರೆ ಅಷ್ಟೇ ನೀರನ್ನು ಅರ್ಧ ವ್ಯಾಸದ ಪೈಪಿನಲ್ಲಿ ನೂಕಿದರೆ ಪೈಪಿನ ಒಳಗಿನ ತಿಕ್ಕಾಟ ಸುಮಾರು 32 ಪಟ್ಟಾಗುತ್ತದೆ. ಆಗ ಎಷ್ಟು ದೊಡ್ಡ ಮೋಟರ್ ತಂದರೂ ದುಡ್ಡು ಹೋಗುವುದು ಪೈಪಿನ ಗೋಡೆಗೆ. ಕಂಪನಿಯವರು ಕೊಡುವ ವಕ್ರರೇಖೆಯ ಚಿತ್ರ ರೈತನಿಗೆ ಬೇಕಿಲ್ಲ. ಸೆಕೆಂಡಿಗೆ 10 ಲೀಟರ್ ಎಂದರೆ ಎಕರೆಗೆ ಎರಡು ಇಂಚು ನೀರು ಕೊಡಲು ಸುಮಾರು ಆರು ತಾಸು ಎಂದು ಹೇಳಿ. ತ್ರೀ ಫೇಸ್ ಕರೆಂಟ್ ಎಷ್ಟು ತಾಸು ಇರುತ್ತದೆ ಎಂಬುದು ಅವನಿಗೆ ಗೊತ್ತು, ಮುಂದಿನ ಲೆಕ್ಕ ಅವನೇ ಮಾಡುತ್ತಾನೆ.

ಮೋಟರಿನ ತೂಕವನ್ನೂ ಮೊದಲೇ ಹೇಳಿ. 2019ರ ಆಗಸ್ಟಿನಂಥ ಮಹಾಪೂರ ಬಂದಾಗ ಮೋಟರ್ ಬಿಚ್ಚಿ ಹೊತ್ತು ದಂಡೆ ಏರಬೇಕು.

ತಪ್ಪು ಕಲ್ಪನೆ: ಕೈಪಿಡಿ ಕನ್ನಡದಲ್ಲಿದ್ದರೆ ಮುಗಿಯಿತು.

ವಾಸ್ತವ: ಕನ್ನಡದಲ್ಲಿ ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಾನಾ (ಸ್ಪ್ಯಾನರ್) ಅಂದರೆ ನಿಪ್ಪಾಣಿಯ ಹುಡುಗನಿಗೂ ಗೊತ್ತು, ರಾಯಬಾಗದ ಅಜ್ಜನಿಗೂ ಗೊತ್ತು. ಅದನ್ನು ಬಿಟ್ಟು ನಿಘಂಟಿನ ಶಬ್ದ ಹುಡುಕಿ ಬರೆದರೆ ಇಬ್ಬರೂ ಓದುವುದಿಲ್ಲ.

ತಪ್ಪು ಕಲ್ಪನೆ: ಯಂತ್ರ ಓಡಿಸಿ ತೋರಿಸಿದರೆ ಅದೇ ಪ್ರಾತ್ಯಕ್ಷಿಕೆ.

ವಾಸ್ತವ: ರಾಯಬಾಗ ತಾಲ್ಲೂಕಿನ ಒಂದು ಮನೆಯಲ್ಲಿ ನಾವು ಮೇವು ಕತ್ತರಿಸುವ ಹೊಸ ಯಂತ್ರ ತೋರಿಸಿದ್ದೆವು. ಒಣ ಕಣಿಕೆ ಹಾಕಿದೆವು, ಸರಸರ ಕತ್ತರಿಸಿತು, ಮನೆಯ ಯಜಮಾನರು ಒಪ್ಪಿದರು. ಮೂರು ತಿಂಗಳ ಮೇಲೆ ಹೋದಾಗ ಯಂತ್ರದ ಬಾಯಿಯ ರಕ್ಷಣಾ ತಗಡು ಗೋಡೆಗೆ ಒರಗಿತ್ತು. ಆ ಮನೆಯ ಅಕ್ಕ ಹೇಳಿದರು: “ಹಸಿ ಮೇವು ಹಾಕಿದ್ರ ಸಿಗಬೀಳತೈತ್ರಿ, ಅದಕ್ಕ ತಗದೇನಿ.” ದಿನಾ ಆ ಯಂತ್ರಕ್ಕೆ ಮೇವು ಕೊಡುವವರು ಅವರು. ಅಂದು ನಾವು ಅವರನ್ನು ಒಂದು ಮಾತೂ ಕೇಳಿರಲಿಲ್ಲ. ಅಲಗಿಗೂ ಅವರ ಬೆರಳಿಗೂ ಒಂದು ಗೇಣಿನ ಅಂತರವೂ ಉಳಿದಿರಲಿಲ್ಲ. ತಪ್ಪು ನಮ್ಮದು. ಮುಂದೆ ಬಾಯಿಯನ್ನು ಎತ್ತರಿಸಿ, ತಗಡನ್ನು ಉದ್ದ ಮಾಡಿ ಕೊಟ್ಟೆವು.

ರೈತರಿಗೂ ಒಂದು ಮಾತು: ಯಂತ್ರ ತೋರಿಸಲು ಯಾರಾದರೂ ನಿಮ್ಮ ಊರಿಗೆ ಬಂದರೆ, ಅವರ ಡ್ರೈವರ್ ಇಳಿಯಲಿ, ನಿಮ್ಮ ಮನೆಯಲ್ಲಿ ಅದನ್ನು ದಿನಾ ನಡೆಸುವವರೇ ನಡೆಸಿ ನೋಡಲಿ. ನಿಮ್ಮದೇ ಹೊಲದಲ್ಲಿ, ನಿಮ್ಮದೇ ಹಸಿ ಮೇವಿನಲ್ಲಿ ನೋಡಿ. ಬಿಡಿ ಭಾಗ ಯಾವ ಊರಿನಲ್ಲಿ, ಎಷ್ಟಕ್ಕೆ ಸಿಗುತ್ತದೆ ಎಂಬುದನ್ನು ಬರೆಸಿಕೊಂಡ ಮೇಲೆಯೇ ಮುಂಗಡ ಕೊಡಿ.