ಗೆರೆ ಎಳೆಯುವ ಮುನ್ನ ಬೀದಿ ಅಳೆಯುವವರು

ಪೆನ್ಸಿಲ್ ಗೆರೆಯ ದಪ್ಪ ಅರ್ಧ ಮಿಲಿಮೀಟರ್ ಅನ್ನೋಣ. ಅದನ್ನು 1:10,000 ಪ್ರಮಾಣದ ನಕ್ಷೆಯ ಮೇಲೆ ಎಳೆದರೆ ನೆಲದ ಲೆಕ್ಕದಲ್ಲಿ ಐದು ಮೀಟರ್ ಆಯಿತು. ನಮ್ಮ ಊರುಗಳ ಎಷ್ಟೋ ಅಡ್ಡರಸ್ತೆಗಳ ಅಗಲ ಅಷ್ಟೇ. ಅದೇ ನಕ್ಷೆಯಲ್ಲಿ 30x40 ಸೈಟು ಒಂದು ಮಿಲಿಮೀಟರಿನಷ್ಟು ಚುಕ್ಕೆ. ಗೆರೆ ಕೊಂಚ ಆಚೀಚೆ ಸರಿದರೆ ಯಾರದೋ ಮನೆಯ ಮುಂಬಾಗಿಲು ರಸ್ತೆಗೆ ಹೋಗುತ್ತದೆ. ನಗರ ಯೋಜನೆ ಕಲಿಯಲು ಬರುವ ಹೊಸಬರಲ್ಲಿ ಈ ಅಳುಕು ಹುಟ್ಟಿಸುವುದೇ ಮೊದಲ ಸೆಮಿಸ್ಟರಿನ ಮುಖ್ಯ ಕೆಲಸ ಎಂದರೆ ತಪ್ಪಿಲ್ಲ.

ಪ್ಲಾನಿಂಗ್ ಶಾಲೆಗಳಲ್ಲಿ ಇದು ನಡೆಯುವ ಜಾಗದ ಹೆಸರು ಸ್ಟುಡಿಯೊ. ದೊಡ್ಡ ಮೇಜುಗಳು, ಟ್ರೇಸಿಂಗ್ ಹಾಳೆ, ಪೇಪರ್ ಕಟರ್, ಮೌಂಟ್ ಬೋರ್ಡಿನ ಚೂರುಗಳು, ಗೋಡೆ ತುಂಬ ಪಿನ್ ಹೊಡೆದ ನಕ್ಷೆಗಳು. ಕೂರುವವರೆಲ್ಲ ಒಂದೇ ಕಡೆಯಿಂದ ಬಂದವರಲ್ಲ. ಬಿ.ಪ್ಲಾನ್‌ಗೆ ಪಿಯುಸಿ ಮುಗಿಸಿದವರು ಬರುತ್ತಾರೆ. ಸ್ನಾತಕೋತ್ತರ ತರಗತಿಗೆ ಆರ್ಕಿಟೆಕ್ಚರ್, ಸಿವಿಲ್ ಎಂಜಿನಿಯರಿಂಗ್, ಭೂಗೋಳ, ಅರ್ಥಶಾಸ್ತ್ರ ಓದಿದವರು ಬರುತ್ತಾರೆ. ಅರ್ಥಶಾಸ್ತ್ರದವರಿಗೆ ಸ್ಕೇಲ್ ಹಿಡಿದು ಅಭ್ಯಾಸವಿಲ್ಲ. ಆರ್ಕಿಟೆಕ್ಚರಿನವರಿಗೆ ಕೈ ಚೆನ್ನಾಗಿ ಓಡುತ್ತದೆ, ಆದರೆ ಕಟ್ಟಡದ ಗೋಡೆ ಮುಗಿದಲ್ಲಿಗೆ ಅವರ ಕುತೂಹಲವೂ ಮುಗಿಯುತ್ತದೆ. ಇಬ್ಬರಲ್ಲಿ ಹೆಚ್ಚು ತಿದ್ದಬೇಕಾದ್ದು ಎರಡನೆಯವರನ್ನೇ ಎಂದು ನನಗನ್ನಿಸುತ್ತದೆ.

ಈ ಕಲಿಕೆಗೆ ನೂರು ವರ್ಷ ದಾಟಿದೆ. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ನಗರ ವಿನ್ಯಾಸಕ್ಕೆಂದೇ ಒಂದು ವಿಭಾಗ ಶುರುವಾದದ್ದು 1909ರಲ್ಲಿ. ಅದಕ್ಕೂ ಮೊದಲೇ, 1892ರಲ್ಲಿ, ಪ್ಯಾಟ್ರಿಕ್ ಗೆಡ್ಡಿಸ್ ಎಂಬ ಜೀವಶಾಸ್ತ್ರದ ಮೇಷ್ಟ್ರು ಎಡಿನ್‌ಬರೊ ಕೋಟೆಯ ಹತ್ತಿರದ ಒಂದು ಗೋಪುರವನ್ನು ವಹಿಸಿಕೊಂಡು ಅದನ್ನೇ ಪಾಠಶಾಲೆ ಮಾಡಿಕೊಂಡಿದ್ದ. ಬಂದವರನ್ನು ಮೊದಲು ತುತ್ತತುದಿಗೆ ಹತ್ತಿಸುತ್ತಿದ್ದ. ಅಲ್ಲಿ ಊರಿನ ಜೀವಂತ ಬಿಂಬ ಮೇಜಿನ ಮೇಲೆ ಬೀಳುವಂಥ ಕತ್ತಲೆಕೋಣೆ. ಇಳಿಯುತ್ತ ಬಂದರೆ ಒಂದೊಂದು ಅಂತಸ್ತಿನಲ್ಲಿ ಒಂದೊಂದು ಲೋಕ: ಎಡಿನ್‌ಬರೊ, ಸ್ಕಾಟ್ಲೆಂಡ್, ಯುರೋಪ್, ಕೊನೆಗೆ ಜಗತ್ತು. ಕಣ್ಣೆದುರಿನ ಬೀದಿಯನ್ನೂ ಭೂಪಟವನ್ನೂ ಒಂದೇ ಮೆಟ್ಟಿಲಸಾಲಿನಲ್ಲಿ ಜೋಡಿಸಿದ್ದ. ಮೊದಲ ವರ್ಷದ ಸ್ಟುಡಿಯೊ ಇಂದಿಗೂ ಮಾಡುತ್ತಿರುವುದು ಹೆಚ್ಚುಕಡಿಮೆ ಇದನ್ನೇ.

ಗೆಡ್ಡಿಸ್ 1914ರಲ್ಲಿ ಭಾರತಕ್ಕೆ ಹೊರಟಾಗ ಅವನ ನಗರ ಪ್ರದರ್ಶನದ ಸಾಮಗ್ರಿ ಹೊತ್ತ ಹಡಗನ್ನು ಜರ್ಮನಿಯ ಎಂಡೆನ್ ಯುದ್ಧನೌಕೆ ಮುಳುಗಿಸಿತು. ಹೊಸದಾಗಿ ಸಂಗ್ರಹಿಸಿ ಮರುವರ್ಷ ಮದ್ರಾಸಿನಲ್ಲಿ ಪ್ರದರ್ಶನ ನಡೆಸಿದ. ತಂಜಾವೂರು, ಮಧುರೈಗಳ ಓಣಿಗಳನ್ನು ನಡೆದು ನೋಡಿ, ಎಂಜಿನಿಯರುಗಳು ನೇರ ರಸ್ತೆ ಹಾಕಲು ಹೊರಟ ಕಡೆ ಎರಡು ಪಾಳು ಮನೆ ತೆಗೆದು ಒಂದು ಮರ ನೆಟ್ಟರೆ ಸಾಕಲ್ಲ ಎಂದು ವಾದಿಸಿದ. 1919ರಲ್ಲಿ ಮುಂಬೈ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಮತ್ತು ಪೌರಶಾಸ್ತ್ರದ ಪ್ರಾಧ್ಯಾಪಕನಾದ. ಯೋಜನೆಗಿಂತ ಮೊದಲು ಸಮೀಕ್ಷೆ ಎಂಬ ಅವನ ಹಟ ನಮ್ಮ ಪಠ್ಯಕ್ರಮಗಳಲ್ಲಿ ಉಳಿದುಕೊಂಡಿದೆ. ಇನ್ನೊಂದು ಕೊಂಡಿ ನೇರವಾಗಿ ನಮ್ಮದೇ. 1939ರಿಂದ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿದ್ದ ಓಟೊ ಕೋನಿಗ್ಸ್‌ಬರ್ಗರ್ ಮುಂದೆ ಲಂಡನ್ನಿಗೆ ಹೋಗಿ, ಉಷ್ಣವಲಯದ ವಾಸ್ತುಶಿಲ್ಪವನ್ನು ಕಲಿಸುವ ವಿಭಾಗವನ್ನು ಬೆಳೆಸಿದರು.

ಈಗ ತರಗತಿಗೆ ಬರೋಣ. ಮೊದಲ ಪಾಠ ಟೇಪಿನದು. ತನ್ನ ಹೆಜ್ಜೆ ಎಷ್ಟುದ್ದ, ಕೈ ಚಾಚಿದರೆ ಎಷ್ಟು, ಮೆಟ್ಟಿಲಿನ ಎತ್ತರ ಎಷ್ಟು, ಹಾಸ್ಟೆಲ್ ಕೋಣೆ ಎಷ್ಟು ಎಂದು ಪ್ರತಿಯೊಬ್ಬರೂ ಅಳೆದು ಬರೆಯಬೇಕು. ಆಮೇಲೆ ಬೀದಿ. ಒಬ್ಬರು ಟೇಪಿನ ತುದಿ ಹಿಡಿದು ಕಾಂಪೌಂಡಿಗೆ ಒತ್ತುತ್ತಾರೆ, ಇನ್ನೊಬ್ಬರು ಚರಂಡಿ ಚಪ್ಪಡಿಯ ಅಂಚಿನಲ್ಲಿ ಕೂತು ಓದುತ್ತಾರೆ, ಮೂರನೆಯವರು ಸ್ಕೂಟರಿಗೆ ಕೈ ಅಡ್ಡ ಹಿಡಿದು ಬೈಸಿಕೊಳ್ಳುತ್ತಾರೆ. ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ತೆರವು ಇರಬೇಕೆನ್ನುತ್ತದೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ. ಟ್ರಾನ್ಸ್‌ಫಾರ್ಮರ್, ಮರದ ಬುಡ, ಎಳನೀರಿನ ಗಾಡಿ, ಕೇಬಲ್ ಡಬ್ಬ ಎಲ್ಲ ಕಳೆದು ಉಳಿದದ್ದನ್ನು 1:500ರಲ್ಲಿ ಬರೆಯಲು ಕೂತಾಗ ಆ 1.8 ಮೀಟರೂ 3.6 ಮಿಲಿಮೀಟರ್ ಮಾತ್ರ ಎಂದು ತಿಳಿಯುತ್ತದೆ. 1:10,000ಕ್ಕೆ ಹೋದರೆ ಅದು ಗೆರೆಯೊಳಗೇ ಮಾಯ. ನಮ್ಮ ದೊಡ್ಡ ನಕ್ಷೆಗಳಲ್ಲಿ ಪಾದಚಾರಿ ಕಾಣದಿರುವುದಕ್ಕೆ ಅಧಿಕಾರಿಗಳ ಅಸಡ್ಡೆಯೊಂದೇ ಕಾರಣವಲ್ಲ.

ಮುಂದಿನದು ನೆನಪಿನ ನಕ್ಷೆ. ಮೊಬೈಲ್ ಒಳಗಿಟ್ಟು, ನಿಮ್ಮ ಬಡಾವಣೆಯನ್ನು ಬರೆಯಿರಿ ಎನ್ನುತ್ತಾರೆ. ಎಂಐಟಿಯ ಕೆವಿನ್ ಲಿಂಚ್ 1960ರ 'ದ ಇಮೇಜ್ ಆಫ್ ದ ಸಿಟಿ' ಪುಸ್ತಕಕ್ಕಾಗಿ ಬಾಸ್ಟನ್ನಿನಲ್ಲಿ 30 ಜನರನ್ನು, ಜರ್ಸಿ ಸಿಟಿ ಮತ್ತು ಲಾಸ್ ಏಂಜಲಿಸ್‌ನಲ್ಲಿ ತಲಾ 15 ಜನರನ್ನು ಮಾತಾಡಿಸಿ, ನಗರ ಜನರ ತಲೆಯೊಳಗೆ ದಾರಿ, ಅಂಚು, ವಲಯ, ಕೂಡುತಾಣ, ಗುರುತು ಎಂಬ ಐದು ರೂಪಗಳಲ್ಲಿ ಕೂತಿರುತ್ತದೆ ಎಂದ. ಮಲ್ಲೇಶ್ವರದವರು ಬರೆದರೆ ಸಂಪಿಗೆ ರಸ್ತೆ ದಪ್ಪಗೆ ಬರುತ್ತದೆ, ಸ್ಯಾಂಕಿ ಕೆರೆ ಒಂದು ಅಂಚು, ಕಾಡುಮಲ್ಲೇಶ್ವರನ ಗುಡಿ ಒಂದು ಗುರುತು. ನಡುವಿನ ಕ್ರಾಸುಗಳಲ್ಲಿ ಅರ್ಧ ಬಿಟ್ಟುಹೋಗಿರುತ್ತವೆ. ಹತ್ತಿಪ್ಪತ್ತು ಹಾಳೆ ಅಕ್ಕಪಕ್ಕ ಇಟ್ಟರೆ ಯಾರು ಬಸ್ಸಿನಲ್ಲಿ ಓಡಾಡುತ್ತಾರೆ, ಯಾರು ಬೈಕಿನಲ್ಲಿ, ಕತ್ತಲಾದ ಮೇಲೆ ಯಾರು ಯಾವ ದಾರಿ ಬಿಡುತ್ತಾರೆ ಎಂಬುದೆಲ್ಲ ಹೊರಬೀಳುತ್ತದೆ.

ನನಗೆ ಬಹಳ ಇಷ್ಟವಾದದ್ದು ಕಪ್ಪು-ಬಿಳಿ ನಕ್ಷೆಯ ಅಭ್ಯಾಸ. 1748ರಲ್ಲಿ ಜಾಂಬಾಟಿಸ್ಟಾ ನೊಲ್ಲಿ ರೋಮ್ ನಗರದ ನಕ್ಷೆಯನ್ನು ಹನ್ನೆರಡು ಹಾಳೆಗಳಲ್ಲಿ ಅಚ್ಚು ಹಾಕಿಸಿದ. ಕಟ್ಟಡಗಳಿಗೆ ಕಡುಬಣ್ಣ, ಬೀದಿ ಚೌಕಗಳಿಗೆ ಬಿಳಿ. ಆದರೆ ಚರ್ಚುಗಳ ಒಳಭಾಗವನ್ನೂ ಬಿಳಿಯಾಗಿಯೇ ಬಿಟ್ಟ, ಏಕೆಂದರೆ ಅಲ್ಲಿಗೆ ಯಾರು ಬೇಕಾದರೂ ಹೋಗಬಹುದಿತ್ತು. ಇದನ್ನೇ ಬೆಂಗಳೂರಿನ ಪೇಟೆಯ ಒಂದು ಓಣಿಗೆ, ಅಥವಾ ಹಳೆಯ ಮನೆಗಳು ಉಳಿದಿರುವ ಯಾವುದೇ ಊರಿನ ರಥಬೀದಿಗೆ ಹೊಂದಿಸಿ ನೋಡಿ. ದೇವಸ್ಥಾನದ ಪ್ರಾಂಗಣ ಬಿಳಿಯೋ ಕಪ್ಪೋ? ಹಗಲು ಬಿಳಿ, ಬಾಗಿಲು ಹಾಕಿದ ಮೇಲೆ? ಎಲ್ಲರಿಗೂ ಬಿಳಿಯೇ, ಎಲ್ಲ ಕಾಲಕ್ಕೂ ಬಿಳಿಯಾಗಿತ್ತೇ? ಅಂಗಡಿಯ ಮೆಟ್ಟಿಲ ಮೇಲೆ ಹೂ ಮಾರುವವಳು ಕೂತ ಜಾಗ ಯಾವ ಬಣ್ಣ? ಜಗಲಿ ಬಂದಾಗಲಂತೂ ಜಗಳವೇ. ಪತ್ರದ ಪ್ರಕಾರ ಅದು ಮನೆಯವರದು. ಆದರೆ ದಾರಿಹೋಕ ಕೂತರೆ ಏಳು ಎನ್ನುವ ರೂಢಿಯಿಲ್ಲ. ಮಲ್ಲೇಶ್ವರ, ಬಸವನಗುಡಿಗಳ ಮನೆಗಳ ಹಿಂದಿನ ಕನ್ಸರ್ವೆನ್ಸಿ ಓಣಿ ಇದಕ್ಕೆ ತಿರುಗುಮುರುಗು: ಕಾಗದದಲ್ಲಿ ಎಲ್ಲರದು, ಬಳಕೆಯಲ್ಲಿ ಎಷ್ಟೋ ಕಡೆ ಯಾರದೂ ಅಲ್ಲ. 1898ರ ಪ್ಲೇಗಿನ ನಂತರ ಎದ್ದ ಈ ಬಡಾವಣೆಗಳಲ್ಲಿ ಮಲ ಸಾಗಿಸಲೆಂದು ಬಿಟ್ಟ ಜಾಗ ಅದು. ವಿದ್ಯಾರ್ಥಿಗಳು ಕೊನೆಗೆ ಬೂದು ಬಣ್ಣದ ಪೆನ್ಸಿಲ್ ಎತ್ತಿಕೊಳ್ಳುತ್ತಾರೆ. ಬೂದು ಎಲ್ಲೆಲ್ಲಿ ಬೇಕೆಂದು ಗೊತ್ತಾದವರು ಅರ್ಧ ಪ್ಲಾನರ್ ಆದ ಹಾಗೆ.

ಎಫ್‌ಎಆರ್ (ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದೆಂಬ ಅನುಪಾತ) ಎಂಬ ಗುಮ್ಮನನ್ನು ಓಡಿಸಲು ಬೆಂಡಿನ ತುಂಡುಗಳಿವೆ. ಒಂದು ಎಕರೆಗೆ 1.5 ಎಫ್‌ಎಆರ್ ಅಂದರೆ 65,340 ಚದರಡಿ ಕಟ್ಟಬಹುದು. ಅರ್ಧ ನೆಲ ಮುಚ್ಚಿದರೆ ಮೂರು ಅಂತಸ್ತು, ಕಾಲು ಭಾಗ ಮುಚ್ಚಿದರೆ ಆರು, ಶೇ 15 ಮುಚ್ಚಿದರೆ ಹತ್ತು. ಅಂಕಿ ಒಂದೇ. ಒಂದರಲ್ಲಿ ನಡುವೆ ಅಂಗಳ ಸಿಗುತ್ತದೆ, ಇನ್ನೊಂದರಲ್ಲಿ ಗೋಪುರದ ಸುತ್ತ ಪಾರ್ಕಿಂಗ್. ಸಾಂದ್ರತೆ ಎಂದರೆ ಎತ್ತರ ಎಂಬ ತಪ್ಪು ತಿಳಿವಳಿಕೆ ಒಂದೇ ಮಧ್ಯಾಹ್ನದಲ್ಲಿ ಕಳಚುತ್ತದೆ. ಟಿವಿ ಚರ್ಚೆಗಳಲ್ಲಿ ಕೂರುವವರಿಗೂ ಇದನ್ನೊಮ್ಮೆ ಮಾಡಿಸಬೇಕು.

ಎಣಿಸುವ ಪಾಠವೂ ಇದೆ. ನ್ಯೂಯಾರ್ಕ್ ನಗರ 1961ರಲ್ಲಿ, ಕಟ್ಟಡದ ಮುಂದೆ ಬಯಲು ಬಿಟ್ಟವರಿಗೆ ಹೆಚ್ಚುವರಿ ಮಹಡಿಯ ಆಸೆ ತೋರಿಸಿತು. ಬಯಲುಗಳು ಬಂದವು, ಬಹಳಷ್ಟರಲ್ಲಿ ಜನ ಬರಲಿಲ್ಲ. ವಿಲಿಯಂ ವೈಟ್ ಕ್ಯಾಮೆರಾ ಇಟ್ಟು, ಯಾರು ಎಲ್ಲಿ ಎಷ್ಟು ಹೊತ್ತು ಕೂರುತ್ತಾರೆಂದು ಎಣಿಸಿದ. ಕೂರಲು ಜಾಗ ಇದ್ದಲ್ಲಿ ಜನ ಕೂರುತ್ತಾರೆ ಎಂಬ ಸಾದಾ ಉತ್ತರ ಸಿಕ್ಕಿತು. 1975ರಲ್ಲಿ ಆಸನ ಕಡ್ಡಾಯವಾಗಿ ನಿಯಮವೂ ಬದಲಾಯಿತು. ಪಾರ್ಕಿನಲ್ಲಿ ಪಟ್ಟಿ ಹಿಡಿದು ಕೂತ ನಮ್ಮ ವಿದ್ಯಾರ್ಥಿಗಳಿಗೂ ಸಿಗುವುದು ಇಂಥ ಸಾದಾ ಉತ್ತರಗಳೇ: ಗ್ರಿಲ್ಲಿನ ಬೇಲಿ, ಮಧ್ಯಾಹ್ನ ಬೀಗ, ನೆರಳಿಲ್ಲದ ಕಲ್ಲುಬೆಂಚು.

ಕಂಪ್ಯೂಟರ್ ಯಾವಾಗ? ನನ್ನ ಮಟ್ಟಿಗೆ, ಆಮೇಲೆ. ಆಟೊಕ್ಯಾಡ್, ಜಿಐಎಸ್ ಇಲ್ಲದೆ ಇಂದು ಕೆಲಸ ಸಿಗದು, ನಿಜ. ಆದರೆ ಪರದೆಯ ಮೇಲೆ ಚಕ್ರ ತಿರುಗಿಸಿದರೆ ಕೋಣೆಯೂ ರಾಜ್ಯವೂ ಒಂದೇ ಗಾತ್ರಕ್ಕೆ ಬರುತ್ತವೆ. ಅಳತೆ ಮೈಗೆ ಹತ್ತದವರ ಕೈಗೆ ಅದನ್ನು ಮೊದಲೇ ಕೊಟ್ಟರೆ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಉದ್ಯಾನಕ್ಕೆ ಹಸಿರು ತುಂಬಿ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಹಳದಿಯೊಳಗಿನ ಕಿರಾಣಿ ಅಂಗಡಿ, ಟೈಲರ್, ಟ್ಯೂಷನ್ ಮನೆ ಯಾವ ಬಣ್ಣ ಎಂದು ಕೇಳುವ ಕಣ್ಣು ಬರುವುದು ನಡೆದು ನೋಡಿದವರಿಗೆ. ಸೆಮಿಸ್ಟರ್ ಕೊನೆಯ ಜ್ಯೂರಿಯಲ್ಲಿ ಹೊರಗಿನಿಂದ ಬಂದವರು ಕೇಳಬೇಕಾದದ್ದೂ ಇದನ್ನೇ. ಮುದ್ದಾದ ಮಾಡೆಲ್ಲಿಗೆ ಮಾರುಹೋಗಿ ಅಂಕ ಕೊಡುವ ಜ್ಯೂರಿಗಳು ಇಲ್ಲದಿಲ್ಲ.

ಮನೆಯಲ್ಲಿ ಯಾರಿಗಾದರೂ ಈ ಓದಿನ ಆಸೆ ಇದ್ದರೆ ತಿಳಿದಿರಲಿ: ಪಿಯುಸಿಯಲ್ಲಿ ಗಣಿತ ಇರಬೇಕು. ದೆಹಲಿ, ಭೋಪಾಲ್, ವಿಜಯವಾಡಗಳ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್, ಅಂದರೆ ಎಸ್‌ಪಿಎಗಳ ಬಿ.ಪ್ಲಾನ್‌ಗೆ ಜೆಇಇ ಮೇನ್‌ನ 2ಬಿ ಪತ್ರಿಕೆ ಬರೆಯಬೇಕು. ಬಿ.ಆರ್ಕ್‌ನವರ 2ಎ ಪತ್ರಿಕೆಯಲ್ಲಿರುವ ಡ್ರಾಯಿಂಗ್ ಪರೀಕ್ಷೆ ಇದರಲ್ಲಿಲ್ಲ. ಅಹಮದಾಬಾದಿನ ಸೆಪ್ಟ್‌ನಲ್ಲೂ ಈ ಕಲಿಕೆ ಇದೆ. ಸ್ನಾತಕೋತ್ತರ ಓದಿಗೆ ಮೈಸೂರು ವಿಶ್ವವಿದ್ಯಾಲಯವೂ ಇದೆ. ಚಿತ್ರ ಬರೆಯಲು ಬರುವುದಿಲ್ಲ ಎಂಬ ಕಾರಣಕ್ಕೆ ಯಾರೂ ಹಿಂಜರಿಯಬೇಕಿಲ್ಲ. ಬಿಸಿಲಲ್ಲಿ ಟೇಪು ಹಿಡಿದು ನಡೆಯಲು ಬೇಸರ ಇರುವವರು ಮಾತ್ರ ಬೇರೆ ಕೋರ್ಸ್ ನೋಡಿಕೊಳ್ಳುವುದು ಒಳ್ಳೆಯದು.