ಮಷಿನೇರಿಯಮ್: ಕೈಗೆಟುಕಿದಷ್ಟೇ ಆಟ

‘ಮಷಿನೇರಿಯಮ್’ ಆಡಲು ಕೂತ ಹೊಸಬರು ಕಂಡಕಂಡಲ್ಲೆಲ್ಲ ಮೌಸ್ ಒತ್ತಿ ನೋಡುತ್ತಾರೆ. ಈ ಆಟದಲ್ಲಿ ಅದರಿಂದ ಏನೂ ಗಿಟ್ಟುವುದಿಲ್ಲ. ನಾಯಕ ಯೋಸೆಫ್ ಎಂಬ ಪುಟ್ಟ ರೋಬೋ. ಅವನ ಕೈಗೆ ಸಿಗುವ ವಸ್ತು ಮಾತ್ರ ನಿಮ್ಮ ಮೌಸಿಗೂ ಸಿಗುತ್ತದೆ. ಹಾಗಾಗಿ ಮೊದಲು ಅವನನ್ನು ವಸ್ತುವಿನ ಹತ್ತಿರ ನಡೆಸಿ. ಆಮೇಲೆ ಮೌಸನ್ನು ಅದರ ಮೇಲೆ ತನ್ನಿ. ಬಾಣದ ಗುರುತು ಬದಲಾದರೆ ಅಲ್ಲಿ ಕೆಲಸವಿದೆ.

ವಸ್ತು ಎತ್ತರದಲ್ಲಿದ್ದರೆ ಯೋಸೆಫನ ಮೈಯನ್ನೇ ಹಿಡಿದು ಮೇಲಕ್ಕೆಳೆಯಬೇಕು, ಅವನು ಉದ್ದವಾಗುತ್ತಾನೆ. ಕೆಳಕ್ಕೆಳೆದರೆ ಕುಳ್ಳನಾಗುತ್ತಾನೆ. ಆಟ ಮುಂದೆ ಸಾಗದೆ ನಿಂತಾಗ ನಾನು ಮೊದಲು ಕೇಳುವ ಪ್ರಶ್ನೆ ಇದೇ: ಇಲ್ಲಿ ಮೂರೂ ಎತ್ತರದಲ್ಲಿ ನಿಂತು ನೋಡಿದೆಯಾ? ಬಹಳ ಸಲ ಉತ್ತರ ಅಲ್ಲೇ ಇರುತ್ತದೆ.

ಎತ್ತಿಕೊಂಡದ್ದೆಲ್ಲ ಅವನ ಹೊಟ್ಟೆ ಸೇರುತ್ತದೆ. ಮೌಸನ್ನು ಪರದೆಯ ಮೇಲಂಚಿಗೆ ಒಯ್ದರೆ ಆ ಸಾಮಾನುಗಳು ಸಾಲಾಗಿ ಕಾಣುತ್ತವೆ. ಒಂದನ್ನು ಎಳೆದು ಇನ್ನೊಂದರ ಮೇಲೆ ಬಿಟ್ಟು ಜೋಡಿಸಲೂಬಹುದು. ಆರಂಭದಲ್ಲೇ ಬರುವ ಸೇತುವೆಯ ಒಗಟನ್ನು ನೋಡಿ. ಕಾವಲುಗಾರನ ತಲೆಯ ಮೇಲೆ ನೀಲಿ ಟೊಪ್ಪಿ, ಅದರ ತುದಿಯಲ್ಲಿ ದೀಪ. ಅವನಂತೆ ಕಾಣಿಸಿಕೊಂಡರೆ ಸೇತುವೆ ಇಳಿಯುತ್ತದೆ. ಅದಕ್ಕೆ ಬೇಕಾದ್ದು ರಸ್ತೆಯಲ್ಲಿಡುವ ಕೋನು, ನೀಲಿ ಬಣ್ಣ, ಒಂದು ಬಲ್ಬು. ಎದುರಿಗಿರುವವನಿಗೆ ಏನು ಬೇಕು, ಅವನು ಹೇಗಿದ್ದಾನೆ ಎಂದು ಸರಿಯಾಗಿ ನೋಡಿದವರಿಗೇ ಇದು ಹೊಳೆಯುತ್ತದೆ. ಮುಂದಿನ ಒಗಟುಗಳೂ ಹೆಚ್ಚಾಗಿ ಹೀಗೆಯೇ, ಎಳೆಗಳು ಮಾತ್ರ ಹೆಚ್ಚು. ನಡುವೆ ಪಾನಗೃಹದಲ್ಲಿ ಐದು ಗುರುತುಗಳನ್ನು ಸಾಲಾಗಿ ಕೂಡಿಸುವ ಪಂದ್ಯವೂ ಬರುತ್ತದೆ. ಅದಕ್ಕೆ ತಾಳ್ಮೆಯೊಂದೇ ದಾರಿ.

ಶುರುವಿನ ಸಣ್ಣಪುಟ್ಟ ಸೂಚನೆ ಬಿಟ್ಟರೆ ಇಡೀ ಕಥೆಯಲ್ಲಿ ಮಾತಿಲ್ಲ. ಪಾತ್ರಗಳ ಮನಸ್ಸಿನಲ್ಲಿರುವುದು ತಲೆಯ ಮೇಲಿನ ಗುಳ್ಳೆಯಲ್ಲಿ ಚಿತ್ರವಾಗಿ ಮೂಡುತ್ತದೆ. ಇಂಗ್ಲಿಷ್ ಬಾರದ ಅಜ್ಜಿಯೂ ಮೊಮ್ಮಗಳೂ ಒಟ್ಟಿಗೆ ಕೂತು ಆಡಬಹುದಾದ ಇಂಥ ಆಟಗಳು ಕಡಿಮೆ. ನನಗೆ ಇದು ಇಷ್ಟು ಪ್ರಿಯವಾಗಲು ಅದೇ ಕಾರಣ.

ಇದನ್ನು ಮಾಡಿದ್ದು ಜೆಕ್ ದೇಶದ ಅಮಾನಿಟಾ ಡಿಸೈನ್ ಎಂಬ ಪುಟ್ಟ ತಂಡ. ಅದರ ಸ್ಥಾಪಕ ಯಾಕುಬ್ ಡ್ವೋರ್‍ಸ್ಕಿ ಪ್ರಾಗ್‌ನಲ್ಲಿ ಓದುವಾಗಲೇ, 2003ರಲ್ಲಿ, ‘ಸಾಮೊರೊಸ್ಟ್’ ಎಂಬ ಕಿರು ಆಟ ಮಾಡಿದ್ದರು. ಮಷಿನೇರಿಯಮ್ ಬಂದದ್ದು 2009ರಲ್ಲಿ. ಕಥೆ ನಡೆಯುವ ತುಕ್ಕು ಹಿಡಿದ ಊರಿನ ಹಿನ್ನೆಲೆಗಳೆಲ್ಲ ಕೈಯಲ್ಲೇ ಬಿಡಿಸಿದವು. ಸಂಗೀತ ತೋಮಾಶ್ ಡ್ವೋರ್ಝಾಕ್ ಅವರದು. ಹೆಡ್‌ಫೋನ್ ಹಾಕಿಕೊಂಡೇ ಆಡಿ.

ತೀರಾ ಸಿಕ್ಕಿಬಿದ್ದರೆ ಸಹಾಯ ಎರಡು ಬಗೆಯದು. ಬಲ್ಬಿನ ಚಿತ್ರ ಒತ್ತಿದರೆ ಆ ದೃಶ್ಯಕ್ಕೆ ಒಂದು ಸುಳಿವು. ಇನ್ನೊಂದು ಪುಸ್ತಕ, ಅದರಲ್ಲಿ ಇಡೀ ಪರಿಹಾರವೇ ಚಿತ್ರಗಳಲ್ಲಿದೆ, ಆದರೆ ಅದಕ್ಕೆ ಬೀಗ. ಜೇಡಗಳಿಗೆ ಗುಂಡು ಹೊಡೆಯುತ್ತ ಬೀಗದ ಕೈಯನ್ನು ಗುರಿ ಮುಟ್ಟಿಸಿದರೆ ಮಾತ್ರ ತೆರೆಯುತ್ತದೆ. ಬೀಗ ತೆರೆಯುವ ಈ ಕಿರು ಆಟ ಬೇಕೆಂದೇ ಬೇಸರ ಬರಿಸುವಂತಿದೆ. ಅದನ್ನು ಆಡುವ ಹೊತ್ತಿಗೆ ಒಗಟನ್ನೇ ಇನ್ನೊಮ್ಮೆ ನೋಡೋಣ ಅನ್ನಿಸುತ್ತದೆ, ಸುಳಿವು ಕೊಡುವುದರಲ್ಲಿ ಇಷ್ಟು ಜಾಣತನ ತೋರಿದ ಆಟ ಇನ್ನೊಂದನ್ನು ನಾನು ಕಂಡಿಲ್ಲ.

ಮೂಲ ಆಟ ಫ್ಲ್ಯಾಶ್ ತಂತ್ರಾಂಶದಲ್ಲಿ ಕಟ್ಟಿದ್ದು. ಈಗ ಕೊಳ್ಳುವವರು 2017ರ ಪರಿಷ್ಕೃತ ಆವೃತ್ತಿಯನ್ನೇ ಆರಿಸಿಕೊಳ್ಳಲಿ. ಅದಕ್ಕೆ ಫ್ಲ್ಯಾಶ್ ಬೇಕಿಲ್ಲ, ಚಿತ್ರವೂ ಪರದೆ ತುಂಬುತ್ತದೆ. ಫೋನಿನಲ್ಲೂ ಆಡಬಹುದು, ಆದರೆ ಟ್ಯಾಬ್ಲೆಟ್ ಇದ್ದರೆ ಇನ್ನೂ ಒಳ್ಳೆಯದು. ಸಣ್ಣ ಪರದೆಯಲ್ಲಿ ಪೈಪಿನ ಹಿಂದಿನ ಹಿಡಿಕೆಯಂಥವು ಕಣ್ಣಿಗೆ ಬೀಳುವುದಿಲ್ಲ.